ಆರು ಮಾರ್ಕಿನ ನಕ್ಷೆ

ಟೀಚರ್ ವಾರ್ಡಿನ ಚುನಾವಣೆಗೆ ನಿಂತ ಸುದ್ದಿ ಅವರ ಗಂಡನಿಗೆ ಮುಟ್ಟಿದ್ದು ಒಬ್ಬ ಗಿರಾಕಿಯ ಬಾಯಿಂದ. ಕಾಲು ಕಿಲೋ ಮೊಳೆ ಕಟ್ಟಿಸಿಕೊಳ್ಳುತ್ತಾ ಆತ, "ಏನ್ ಸಾರ್, ಮನೆಯವರು ಎಲೆಕ್ಷನ್ನಿಗೆ ನಿಂತ್ರಂತೆ. ಇನ್ಮೇಲೆ ಮೊಳೆ ತೂಕನಾದ್ರೂ ಸರಿಯಾಗಿ ಸಿಗುತ್ತೆ ಬಿಡಿ" ಎಂದ. ಮೂವತ್ತೆಂಟು ವರ್ಷ ಕಬ್ಬಿಣದ ಅಂಗಡಿ ನಡೆಸಿದವರ ಮುಖದಲ್ಲಿ ಯಾವ ಸುದ್ದಿಯೂ ಅಷ್ಟು ಸುಲಭವಾಗಿ ಮೂಡುವುದಿಲ್ಲ. ಅವರು ತಕ್ಕಡಿಗೆ ಇನ್ನೆರಡು ಮೊಳೆ ಹಾಕಿ, ಪೊಟ್ಟಣ ಕೊಟ್ಟು ಕಳಿಸಿ, ಆಮೇಲೆ ಷಟರನ್ನು ಅರ್ಧ ಎಳೆದು ನೆಟ್ಟಗೆ ಮನೆಗೆ ಬಂದರು.

ಟೀಚರ್ ಊಟದ ಮೇಜಿನ ಮುಂದೆ ಕೂತು ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದರು. ರಿಟೈರಾಗಿ ವರ್ಷವಾದರೂ ಪೆನ್ಸಿಲ್ ಹೆರೆಯುವುದು ಬಿಟ್ಟಿರಲಿಲ್ಲ.

"ಏನೇ, ನಿಂತ್ಯಂತೆ?"

"ಹೂಂ."

"ಯಾರನ್ನ ಕೇಳಿ?"

"ನಿಮ್ಮನ್ನ ಕೇಳೋಣ ಅಂತಾನೇ ಇದ್ದೆ. ಅರ್ಜಿ ಕೊಡೋಕೆ ಇವತ್ತೇ ಕೊನೆ ದಿನ ಅಂದ್ರು. ನೀವು ಅಂಗಡೀಲಿ ಗಿರಾಕಿ ಜೊತೆ ಇದ್ರಿ."

"ನಾನು ಮೂವತ್ತೆಂಟು ವರ್ಷದಿಂದ ಗಿರಾಕಿ ಜೊತೇನೇ ಇದೀನಿ."

"ಅದಕ್ಕೇ ಕೇಳ್ಲಿಲ್ಲ."

ನಡೆದದ್ದು ಇಷ್ಟು. ಟೀಚರ್ ಭೂಗೋಳ ಕಲಿಸಿದ ಶಾಲೆಗೂ ಹಳೆಯ ನೂಲಿನ ಗಿರಣಿಗೂ ಮಧ್ಯೆ ಒಂದು ಓಣಿ ಇತ್ತು. ಎರಡೂ ಕಡೆ ಗೋಡೆ, ಆದ್ದರಿಂದ ಗೋಡೆ ಓಣಿ. ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು, ಸೈಕಲ್ಲಿನವನು ಇಳಿಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಟೀಚರ್ ಅದನ್ನು ಹೆಜ್ಜೆಯಲ್ಲಿ ಅಳೆದಿದ್ದರು. ಈ ತುದಿಯಿಂದ ಆ ತುದಿಗೆ ನೂರ ಎಂಬತ್ತಾರು. ಆಗ ಗಿರಣಿಯ ಗೋಡೆಗೆ ಕಿವಿಯಿಟ್ಟರೆ ಒಳಗಿನ ಯಂತ್ರಗಳ ಗುಡುಗುಡು ಹಲ್ಲಿನ ತನಕ ಬರುತ್ತಿತ್ತು. ಮಕ್ಕಳು ಸಾಲಾಗಿ ನಿಂತು ಕಿವಿ ಕೊಟ್ಟೇ ಮುಂದೆ ಹೋಗುತ್ತಿದ್ದುದರಿಂದ ಕೆಳಗಿನ ಸುಣ್ಣವೆಲ್ಲ ಮಕ್ಕಳ ಕೆನ್ನೆಯ ಎತ್ತರಕ್ಕೆ ಸವೆದು ಕನ್ನಡಿಯಂತಾಗಿತ್ತು. ಗಿರಣಿ ಮುಚ್ಚಿತು. ಚಿಮಣಿ ಉರುಳಿತು. ಊರು ನಾಲ್ಕೂ ಕಡೆಗೆ ಕೈಕಾಲು ಚಾಚಿ ನಗರವಾಯಿತು. ಗಿರಣಿಯ ಜಾಗದಲ್ಲಿ ಐದು ಮಹಡಿಯ ಅಂಗಡಿ ಸಂಕೀರ್ಣ ಬರುತ್ತದೆ ಎಂದು ಬೋರ್ಡು ಬಿತ್ತು. ಅದರ ಪ್ಲಾನಿನಲ್ಲಿ ಓಣಿ ಇರಲಿಲ್ಲ. ಓಣಿ ಹೋದರೆ ಮಕ್ಕಳು ಸುತ್ತು ಹಾಕಿ, ಲಾರಿಗಳು ನುಗ್ಗುವ ದೊಡ್ಡ ರಸ್ತೆಯನ್ನು ಎರಡು ಕಡೆ ದಾಟಿ ಶಾಲೆ ಸೇರಬೇಕು.

ಟೀಚರ್ ನಗರಸಭೆಗೆ ಹೋದರು. ಗುಮಾಸ್ತ ಕಂಪ್ಯೂಟರಿನಲ್ಲಿ ತೆಗೆದ ನಕ್ಷೆಯನ್ನು ಹರಡಿ, ಪೆನ್ನಿನ ತುದಿಯಿಂದ ತೋರಿಸಿದ.

"ಮೇಡಂ, ಇಲ್ಲಿ ಓಣಿ ಇಲ್ಲ. ಇದು ಶಾಲೆ ಗೋಡೆ, ಇದು ಗಿರಣಿ ಗೋಡೆ."

"ಎರಡು ಗೋಡೆ ಮಧ್ಯೆ ಏನಿದೆ?"

"ಮಧ್ಯೆ ಒಂದು ಗೆರೆ ಇದೆ."

"ಆ ಗೆರೆ ಒಳಗೆ ನಾನು ಮೂವತ್ತನಾಲ್ಕು ವರ್ಷ ನಡೆದಿದೀನಿ ಕಣಪ್ಪ."

"ಇರಬಹುದು ಮೇಡಂ. ಆದ್ರೆ ಇದನ್ನ ಸಭೇಲಿ ಎತ್ತಬೇಕು. ಅಲ್ಲಿ ಸದಸ್ಯರಾದವರು ಮಾತ್ರ ಮಾತಾಡಬಹುದು."

ಗುಮಾಸ್ತ ಇದನ್ನು ಹೇಳಿದ್ದು ಮೇಡಂ ಎದ್ದು ಹೋಗಲಿ ಎಂದು. ಕಚೇರಿಗಳಲ್ಲಿ ಜನರನ್ನು ಹೀಗೆ ಗೌರವದಿಂದಲೇ ಬಾಗಿಲಿಗೆ ಕಳಿಸುತ್ತಾರೆ. ಆದರೆ ಟೀಚರಿಗೆ ಯಾರಾದರೂ ದಾರಿ ಹೇಳಿದರೆ ಆ ದಾರಿಯಲ್ಲಿ ಹೋಗಿಯೇ ನೋಡುವ ಅಭ್ಯಾಸ.

"ಸದಸ್ಯರಾಗೋಕೆ ಯಾವ ಕೌಂಟರು?"

"ಎಂಟನೇದು" ಎಂದ ಗುಮಾಸ್ತ ತಲೆ ಎತ್ತದೆ. ಎಂಟನೇ ಕೌಂಟರಿನಲ್ಲಿ ಸಾಲು ಚಿಕ್ಕದಿತ್ತು.

ಚಿಹ್ನೆಗೆ ಪೆನ್ಸಿಲ್ ಕೇಳಿದ್ದರು, ಸಿಕ್ಕಿದ್ದು ಏಣಿ. ಗಂಡನ ಅಂಗಡಿಯ ಬಾಗಿಲಲ್ಲಿ ಏಳು ಏಣಿಗಳು ಗೋಡೆಗೊರಗಿ ನಿಂತಿದ್ದವು. ನಾದಿನಿ, ಅಂದರೆ ಗಂಡನ ತಂಗಿ, ಹಿಂದಿನ ಬೀದಿಯವಳು, ಯಾರನ್ನೂ ಆಡಿಕೊಳ್ಳದೆ ಬಿಡುವವಳಲ್ಲ. "ಅಣ್ಣ ಬಲು ಜಾಣ. ಅತ್ತಿಗೇನ ಜಾಹೀರಾತಿಗೆ ಇಟ್ಕೊಂಡಿದಾನೆ ಅಂತ ಊರೆಲ್ಲ ಅಂತಿದಾರೆ" ಎಂದು ನಕ್ಕಳು. ಆದರೂ ಪ್ರಚಾರಕ್ಕೆ ಚಪ್ಪಲಿ ಮೆಟ್ಟಿ ಮೊದಲು ಹೊರಟವಳು ಅವಳೇ.

ಮೊದಲ ನಾಲ್ಕು ದಿನ ಪ್ರಚಾರ ಮಣ್ಣು ಮುಕ್ಕಿತು. ಟೀಚರ್ ಪ್ರತಿ ಬಾಗಿಲಲ್ಲೂ ನಿಂತು ಓಣಿಯ ಅಗಲ, ಉದ್ದ, ದಾಟಬೇಕಾದ ರಸ್ತೆಯ ಅಪಾಯ ಎಲ್ಲವನ್ನೂ ವಿವರಿಸಿ, ಕೊನೆಗೆ "ಅರ್ಥ ಆಯ್ತಾ?" ಎನ್ನುತ್ತಿದ್ದರು. ಮೀಸೆ ನರೆತವರೂ ಬಾಗಿಲಲ್ಲಿ ಕೈಕಟ್ಟಿ "ಆಯ್ತು ಟೀಚರ್" ಎಂದು ಒಳಗೆ ಹೋಗಿಬಿಡುತ್ತಿದ್ದರು. ಕರಪತ್ರ ಟೀ ಲೋಟದ ಕೆಳಗೆ ಸೇರುತ್ತಿತ್ತು.

"ಅತ್ತಿಗೆ, ಓಟು ಕೇಳಿ. ಪಾಠ ಮಾಡಬೇಡಿ."

"ಕೇಳಿದ್ನಲ್ಲ."

"ಎಲ್ಲಿ ಕೇಳಿದ್ರಿ? ಅರ್ಥ ಆಯ್ತಾ ಅಂತ ಕೇಳಿದ್ರಿ. ಅರ್ಥ ಆದೋರು ಓಟು ಹಾಕ್ತಾರೆ ಅಂತ ನಿಮಗೆ ಯಾರು ಹೇಳಿದ್ದು?"

ಗಾಳಿ ತಿರುಗಿದ್ದು ಐದನೆಯ ದಿನ, ಒಬ್ಬ ಟೈಲರಮ್ಮನ ಅಂಗಡಿಯಲ್ಲಿ. ಅವಳು ಮೆಷಿನ್ ತುಳಿಯುತ್ತಲೇ, "ಟೀಚರ್, ಏಳನೇ ಕ್ಲಾಸಲ್ಲಿ ನಮ್ಮನೆಯಿಂದ ಶಾಲೆಗೆ ಮ್ಯಾಪ್ ಬರೆಸಿದ್ರಿ, ನೆನಪಿದೆಯಾ? ನಂಗೆ ಏಳೂವರೆ ಕೊಟ್ಟಿದ್ರಿ" ಎಂದಳು.

ನೆನಪಿರುವುದೇನು, ಅದು ಮನೆಯಲ್ಲೇ ಇತ್ತು.

ಪ್ರತಿ ವರ್ಷ ಏಳನೇ ತರಗತಿಯ ಮೊದಲ ವಾರ ಟೀಚರ್ ಮಕ್ಕಳಿಗೆ ಇದೊಂದೇ ಕೆಲಸ ಕೊಡುತ್ತಿದ್ದರು. ಮನೆಯಿಂದ ಶಾಲೆಗೆ ನಡೆದು ಬನ್ನಿ, ಹೆಜ್ಜೆ ಎಣಿಸಿ, ನಕ್ಷೆ ಬರೆಯಿರಿ. ಮೇಲೆ ಉತ್ತರ ದಿಕ್ಕಿನ ಬಾಣ ಇರಬೇಕು, ಕೆಳಗೆ ಸಂಕೇತಗಳ ಪಟ್ಟಿ ಇರಬೇಕು, ಮತ್ತು ಇದ್ದಲ್ಲೇ ಇರುವ ವಸ್ತುಗಳನ್ನು ಮಾತ್ರ ಬರೆಯಬೇಕು. ನಾಯಿ ಬರೆದವರಿಗೆ ಮಾರ್ಕು ಕಟ್. "ನಾಯಿ ನಾಳೆ ಬೇರೆ ಬೀದೀಲಿರುತ್ತೆ. ನಿನ್ನ ನಕ್ಷೆ ನಂಬಿ ಬಂದೋನು ನಾಯಿ ಹುಡುಕ್ಕೊಂಡು ಹೋಗಬೇಕಾ?" ತಿದ್ದಿದ ನಕ್ಷೆಗಳನ್ನು ಇಡಲು ಶಾಲೆಯಲ್ಲಿ ಬೀರು ಇರಲಿಲ್ಲ. ಆದ್ದರಿಂದ ಅವು ವರ್ಷಕ್ಕೊಂದು ಕಟ್ಟಾಗಿ, ಲಾಡಿ ಕಟ್ಟಿಸಿಕೊಂಡು, ಟೀಚರ ಮನೆಯ ಮಂಚದ ಕೆಳಗಿನ ಎರಡು ತಗಡಿನ ಟ್ರಂಕುಗಳಲ್ಲಿ ಮಲಗಿದ್ದವು. ಅದೇ ಜಾಗದಲ್ಲಿ ಬಣ್ಣದ ಡಬ್ಬಿಗಳನ್ನು ಇಡಬೇಕೆಂಬ ಆಸೆ ಗಂಡನಿಗೆ ಅಂಗಡಿ ಇಟ್ಟಾಗಿನಿಂದ ಇತ್ತು.

ಮರುದಿನ ಟೀಚರ್ ಟೈಲರಮ್ಮನ ನಕ್ಷೆ ಒಯ್ದು ಕೊಟ್ಟರು. ಅವಳು ಮೆಷಿನ್ ನಿಲ್ಲಿಸಿದಳು. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹಾಗೆಯೇ ಬಿಟ್ಟು ಕಾಗದವನ್ನು ಬೆಳಕಿಗೆ ಹಿಡಿದಳು.

"ಇದು ನಮ್ಮಪ್ಪನ ಸೈಕಲ್ ಶಾಪು" ಎಂದಳು. "ಈಗ ಅಲ್ಲಿ ಏಟಿಎಂ ಇದೆ. ಟೀಚರ್, ಗಾಳಿ ಹೊಡೆಯೋ ಪಂಪೂ ಬರೆದಿದೀನಿ ನೋಡಿ." ಸ್ವಲ್ಪ ಹೊತ್ತು ಅವಳ ಬೆರಳು ಆ ಪಂಪಿನ ಮೇಲೇ ಇತ್ತು. ಸಂಜೆಯೊಳಗೆ ನಕ್ಷೆಗೆ ಚೌಕಟ್ಟು ಬಿದ್ದು, ಅಂಗಡಿಯ ಗೋಡೆಗೆ ಏರಿತು. ಗಿರಾಕಿಗಳು ಅಳತೆ ಕೊಡುತ್ತಾ ನಿಂತವರು ಅದನ್ನೇ ಓದತೊಡಗಿದರು.

ಅಲ್ಲಿಂದ ಮುಂದೆ ಟೀಚರ್ ಯಾರ ಮನೆಗೂ ಬರಿಗೈಲಿ ಹೋಗಲಿಲ್ಲ. ಹಿಂದಿನ ದಿನ ಟ್ರಂಕಿನ ಮುಂದೆ ಕೂತು, ಮಾರನೆಯ ದಿನದ ಬೀದಿಯ ನಕ್ಷೆಗಳನ್ನು ಹುಡುಕಿ ತೆಗೆದು, ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಹಾಗೆ ಹುಡುಕುವಾಗ ಊರು ಅವರ ಮುಂದೆ ನೆಲದ ಮೇಲೆಲ್ಲ ಹರಡಿಕೊಳ್ಳುತ್ತಿತ್ತು. ಮುಚ್ಚಿ ಬಸ್ ನಿಲ್ದಾಣ ಮಾಡಿದ ಕೆರೆ ಇಲ್ಲಿ ಇನ್ನೂ ನೀಲಿ ಪೆನ್ಸಿಲಿನಲ್ಲಿ ತುಂಬಿತ್ತು. ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಮಂಜುಗಡ್ಡೆಗೆ ಮುಚ್ಚುವ ಮರದ ಹೊಟ್ಟು ಚೆಲ್ಲಿತ್ತು. ಮರದ ಸೇತುವೆಯ ಮೂರನೆಯ ಹಲಗೆ ಮುರಿದಿದೆ ಎಂದು ಒಬ್ಬಳು ಬಾಣ ಹಾಕಿ ಎಚ್ಚರಿಸಿದ್ದಳು. ಸೇತುವೆಯೇ ಹೋಗಿ ಇಪ್ಪತ್ತು ವರ್ಷವಾದ ಮೇಲೂ ಆ ಎಚ್ಚರಿಕೆ ಹಾಗೇ ಇತ್ತು. ದಾರಿಗಳು ಎಲ್ಲಿಂದ ಹೊರಟರೂ ಕೊನೆಗೆ ಗೋಡೆ ಓಣಿಗೆ ಬಂದು ಸೇರುತ್ತಿದ್ದವು. ಕುಳ್ಳ ಮಕ್ಕಳು ಅದನ್ನು ಹೊಳೆಯಷ್ಟು ಅಗಲ ಬರೆದಿದ್ದರು, ಎತ್ತರದ ಮಕ್ಕಳು ದಾರದಷ್ಟು.

ಹದಿನೈದು ದಿನದಲ್ಲಿ ವಾರ್ಡಿನ ಮನೆಮನೆಯ ಗೋಡೆಯ ಮೇಲೆ ಗೋಡೆ ಓಣಿ ಬಂತು. ನಗರಸಭೆಯ ನಕ್ಷೆಯಲ್ಲಿ ಇಲ್ಲದಿದ್ದರೇನು, ಜನರ ನಡುಮನೆಯಲ್ಲಿತ್ತು. ಟೀಚರ್ ಗೆಲ್ಲುತ್ತಾರೆ ಎಂಬ ಮಾತು ಕ್ಷೌರದ ಅಂಗಡಿಯ ತನಕ ಹೋಯಿತು. ಅಲ್ಲಿಗೆ ಹೋದ ಮಾತು ಅರ್ಧ ನಿಜವಾದಂತೆಯೇ ಲೆಕ್ಕ. ಟೀಚರಿಗೂ ಒಳಗೊಳಗೆ ಆಸೆ ಚಿಗುರಿತು. ಒಂದು ನೋಟ್‌ಬುಕ್ಕಿನಲ್ಲಿ, ಓಣಿಯನ್ನು ಬಿಟ್ಟು ವಾರ್ಡಿಗೆ ಆಗಬೇಕಾದ ಹನ್ನೊಂದು ಕೆಲಸಗಳನ್ನು ದುಂಡಗೆ ಬರೆದಿಟ್ಟರು. ಮೊದಲನೆಯದು ಶಾಲೆಯ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ. ಕನ್ನಡಿಯ ಮುಂದೆ ನಿಂತು "ಮಾನ್ಯ ಅಧ್ಯಕ್ಷರೇ" ಎಂದು ಎರಡು ಸಲ ಹೇಳಿಯೂ ನೋಡಿದರು. ನಾದಿನಿ ಅದನ್ನು ಕೇಳಿಸಿಕೊಂಡಳು ಎಂಬುದು ಬೇರೆ ಮಾತು.

ಎದುರಾಳಿ ಎಂದರೆ ಒಬ್ಬನೇ, ಕಾಂಟ್ರಾಕ್ಟರು. ಐದು ಮಹಡಿಯ ಸಂಕೀರ್ಣ ಕಟ್ಟುವವನೂ ಅವನೇ. ಶಾಲೆಯಲ್ಲಿ ಅವನಿಗೆ 'ಗಾರೆ' ಎಂದು ಹೆಸರು. ಅಪ್ಪನ ಜೊತೆ ಬೆಳಗ್ಗೆ ಗಾರೆ ಕೆಲಸ ಮಾಡಿ, ಮೊಣಕೈಗೆ ಸಿಮೆಂಟು ಮೆತ್ತಿಕೊಂಡೇ ಕ್ಲಾಸಿಗೆ ಬರುತ್ತಿದ್ದ. ಈಗ ಊರಿನ ಅರ್ಧ ಮನೆಗಳ ಗಾರೆ ಅವನದೇ, ಮೊಣಕೈ ಮಾತ್ರ ಸ್ವಚ್ಛ.

ಅವನ ನಕ್ಷೆ ಎರಡನೆಯ ಟ್ರಂಕಿನ ತಳದಲ್ಲಿ ಸಿಕ್ಕಿತು. ಅದನ್ನು ಮೊದಲು ಕಂಡವರು ಟೀಚರ ಗಂಡ. ಅವರು ಕನ್ನಡಕ ಒರೆಸಿಕೊಂಡು, ಒಳ್ಳೆ ಸರಕು ಬಂದಾಗ ತಿರುಗಿಸಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನೋಡೇ, ಅವನ ಕೈಯಿಂದಾನೇ ಓಣಿ ಬರೆದಿದಾನೆ. ಗೋಡೆ ಓಣಿ ಅಂತ ಹೆಸರೂ ಹಾಕಿದಾನೆ. ಕೆಳಗೆ ಅವನ ಹೆಸರು, ರೋಲ್ ನಂಬರು. ಇದನ್ನ ಕರಪತ್ರದಲ್ಲಿ ಅಚ್ಚು ಹಾಕಿಸಿದ್ರೆ ಆಮೇಲೆ ಅವನು ಬಾಯಿ ಬಿಡೋ ಹಾಗಿಲ್ಲ."

"ಒಬ್ಬರ ಪೇಪರನ್ನ ಇನ್ನೊಬ್ಬರಿಗೆ ತೋರಿಸೋ ಅಭ್ಯಾಸ ನನಗಿಲ್ಲ."

"ಮೂವತ್ಮೂರು ವರ್ಷ ಆಯ್ತಲ್ಲೇ."

"ಆಗ್ಲಿ. ಅವನದು ಅವನಿಗೆ ಹೋಗಬೇಕು. ಎಲ್ಲರಿಗೂ ಹಾಗೇ ತಾನೆ ಕೊಟ್ಟಿರೋದು?"

"ಎಲ್ಲರೂ ನಿನ್ನ ವಿರುದ್ಧ ನಿಂತಿಲ್ಲ. ಗೆಲ್ಲೋ ಸರಕನ್ನ ಎದುರಂಗಡಿಗೆ ಹೊತ್ಕೊಂಡು ಹೋಗಿ ಪುಕ್ಕಟೆ ಕೊಟ್ಟು ಬರ್ತೀನಿ ಅಂತೀಯಲ್ಲ. ನಲವತ್ತು ವರ್ಷ ನನ್ನ ಜೊತೆ ಇದ್ದು ಏನು ಕಲಿತೆ ನೀನು?"

ಟೀಚರ ಕಣ್ಣು ನಕ್ಷೆಯ ಒಂದು ಮೂಲೆಯಲ್ಲಿ ನಿಂತಿತ್ತು. ಓಣಿಯ ತುದಿಯಲ್ಲಿ ಒಂದು ಕಲ್ಲು, ಕಲ್ಲಿನ ಪಕ್ಕ ಕಡ್ಡಿ ಕಾಲಿನ ಒಬ್ಬ ಹೆಂಗಸು, ಕೈಯಲ್ಲಿ ಡಬ್ಬಿ. ಅವಳ ಸುತ್ತ ಕೆಂಪು ಶಾಯಿಯ ವೃತ್ತ. ಪಕ್ಕದಲ್ಲಿ ತಮ್ಮದೇ ಅಕ್ಷರ: 'ನಕ್ಷೆಯಲ್ಲಿ ವ್ಯಕ್ತಿಗಳನ್ನು ಗುರುತಿಸಬಾರದು.' ಅದಕ್ಕೆ ಎರಡು ಮಾರ್ಕು ಕಳೆದಿತ್ತು. ಉತ್ತರದ ಬಾಣ ಇಲ್ಲದ್ದಕ್ಕೆ ಒಂದು, ಸಂಕೇತಗಳ ಪಟ್ಟಿ ಗಲೀಜಾದದ್ದಕ್ಕೆ ಒಂದು. ಹತ್ತಕ್ಕೆ ಆರು.

ಮರುದಿನ ಮಧ್ಯಾಹ್ನ ಟೀಚರ್ ಆ ನಕ್ಷೆಯನ್ನು ಲಕೋಟೆಯಲ್ಲಿಟ್ಟುಕೊಂಡು, ನಾದಿನಿಯನ್ನೂ ಬಿಟ್ಟು, ಒಬ್ಬರೇ ಕಾಂಟ್ರಾಕ್ಟರನ ಆಫೀಸಿಗೆ ಹೋದರು. ಗಾಜಿನ ಮೇಜು, ತಿರುಗುವ ಕುರ್ಚಿ, ಗೋಡೆಯ ತುಂಬ ಅವನು ಕಟ್ಟಿದ ಕಟ್ಟಡಗಳ ಫೋಟೋ. ಅವನು ದಡಕ್ಕನೆ ಎದ್ದು ನಿಂತ. ಅವನ ಆಫೀಸಿನಲ್ಲೇ ಟೀಚರ್ ಅವನಿಗೆ "ಕೂತ್ಕೋ" ಎಂದರು. ಅವನು ಕೂತ.

"ನನ್ನ ವಿರುದ್ಧ ನಿಂತಿದೀರಿ ಟೀಚರ್."

"ನಿನ್ನ ವಿರುದ್ಧ ಅಲ್ಲಪ್ಪ. ಓಣಿ ಪರ."

"ಎರಡೂ ಒಂದೇ ಅಲ್ವಾ?"

"ಅದನ್ನ ನೀನು ಹೇಳ್ಬೇಕು" ಎಂದು ಟೀಚರ್ ಲಕೋಟೆಯನ್ನು ಮುಂದೆ ಸರಿಸಿದರು.

ಅವನು ಅದನ್ನು ಬಿಚ್ಚುವ ಮೊದಲೇ, "ಹತ್ತಕ್ಕೆ ಆರು" ಎಂದ. ಆಮೇಲೆ ಕಾಗದ ಬಿಡಿಸಿ ತುಂಬ ಹೊತ್ತು ನೋಡಿದ.

"ಅಮ್ಮನ್ನ ಬರೆದಿದ್ದಕ್ಕೆ ಎರಡು ಮಾರ್ಕು ಹೊಡೆದ್ರಿ."

"ಎಲ್ಲರಿಗೂ ಅದೇ ನಿಯಮ ಕಣೋ. ಓಡಾಡೋದನ್ನ ನಕ್ಷೇಲಿ ಹಾಕೋ ಹಾಗಿಲ್ಲ."

"ಗಿರಣಿ ಮೊದಲನೇ ಪಾಳಿ ಬಿಡ್ತಿದ್ದದ್ದು ನಮ್ಮ ಊಟದ ಬೆಲ್ಲಿಗೆ ಸರಿಯಾಗಿ. ಅಮ್ಮ ಗಿರಣಿ ಕೆಲಸ ಮುಗಿಸಿ, ಡಬ್ಬಿ ಹಿಡ್ಕೊಂಡು ಆ ಕಲ್ಲಿನ ಹತ್ರ ನಿಂತಿರೋಳು. ತಾನು ಉಣ್ಣದೆ ಉಳಿಸಿದ್ದು ಅದು. ಏಳು ವರ್ಷ ಟೀಚರ್, ಒಂದು ದಿನ ಆ ಕಲ್ಲು ಬಿಟ್ಟು ಈ ಕಡೆ ನಿಲ್ಲಲಿಲ್ಲ. ನೀವು ಚಿಮಣಿಗೆ ಮಾರ್ಕು ಕೊಟ್ರಿ. ಚಿಮಣಿ ಅವಳಿಗಿಂತ ಮುಂಚೆ ಹೋಯ್ತು."

ಅವನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಟೀಚರಿಗೆ ಅದು ಗೊತ್ತಿತ್ತು. ಅವರು ಚೀಲದಲ್ಲಿ ಕೈಯಾಡಿಸಿ ಕೆಂಪು ಪೆನ್ನನ್ನು ಹುಡುಕಿದರು.

"ಕೊಡು. ತಿದ್ದಿ ಕೊಡ್ತೀನಿ."

"ಬೇಡ ಬಿಡಿ ಟೀಚರ್. ಆರೇ ಇರ್ಲಿ. ರೂಢಿಯಾಗಿದೆ."

ಅವನು ರಸ್ತೆಯ ತನಕ ಬಂದು ಬೀಳ್ಕೊಟ್ಟ. ಆಟೋ ಹತ್ತುವಾಗ, ಕಾಂಟ್ರಾಕ್ಟರ್ ಬುದ್ಧಿ ಎಲ್ಲಿ ಹೋಗಬೇಕು, ಮೆಲ್ಲಗೆ ಕೇಳಿದ: "ಇದರ ಜೆರಾಕ್ಸ್ ಏನಾದ್ರೂ ಇಟ್ಕೊಂಡಿದೀರಾ?"

"ಇಲ್ಲ."

"ಕರಪತ್ರದಲ್ಲಿ ಹಾಕಿಸಬಹುದಿತ್ತು."

"ನಮ್ಮನೆಯವರೂ ಅದನ್ನೇ ಅಂದ್ರು."

"ಅವರು ವ್ಯಾಪಾರ ಬಲ್ಲವರು" ಎಂದ ಅವನು.

ಮತದಾನಕ್ಕೆ ಮೂರು ದಿನ ಇದೆ ಎನ್ನುವಾಗ ಕಾಂಟ್ರಾಕ್ಟರನ ವ್ಯಾನು ಬೀದಿಬೀದಿಯಲ್ಲಿ ಕೂಗಿಕೊಂಡು ಹೋಯಿತು. ಗೋಡೆ ಓಣಿಯನ್ನು ಮುಚ್ಚುವುದಿಲ್ಲ, ಸಂಕೀರ್ಣದ ಪ್ಲಾನನ್ನೇ ಬದಲಿಸಿ ಓಣಿಯನ್ನು ಅಗಲ ಮಾಡಿ ಕೊಡುತ್ತೇನೆ, ಇದು ನನ್ನ ಮಾತು. ಅವನ ಮನಸ್ಸನ್ನು ತಿರುಗಿಸಿದ್ದು ಆ ಒಂದು ನಕ್ಷೆಯೋ, ವಾರ್ಡಿನ ಗೋಡೆಗಳ ಮೇಲಿದ್ದ ನೂರಾರು ನಕ್ಷೆಗಳೋ, ಅದನ್ನು ಅವನೂ ಬಿಡಿಸಿ ಹೇಳಲಾರ. ಅವನು ಓಟು ಕೇಳಲು ಹೋದ ಮನೆಯಲ್ಲೆಲ್ಲ ಅವನ ಬೆನ್ನ ಹಿಂದೆ ಚೌಕಟ್ಟು ಹಾಕಿದ ಓಣಿಯೊಂದು ನೇತಾಡುತ್ತಿತ್ತು.

"ನಿನ್ನ ಸರಕು ಈಗ ಅವನಂಗಡೀಲಿ ಮಾರಾಟಕ್ಕಿದೆ" ಎಂದರು ಗಂಡ, ಕಿಟಕಿಯಿಂದ ವ್ಯಾನನ್ನು ನೋಡುತ್ತಾ. ಆದರೆ ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಟೈಲರಮ್ಮ ಬಾಯಿಬಿಟ್ಟೇ ಹೇಳಿದಳು. "ಬೇಜಾರು ಮಾಡ್ಕೋಬೇಡಿ ಟೀಚರ್. ನಿಮಗೇ ಹಾಕೋಣ ಅಂತ ಇದ್ವಿ. ಈಗ ಓಣಿ ಅವನೇ ಬಿಡ್ತಾನಂತಲ್ಲ. ಜೆಸಿಬಿನೂ ಅವನದೇ. ನೀವು ಗೆದ್ರೂ ಕೊನೆಗೆ ಅವನನ್ನೇ ಕೇಳ್ಬೇಕು."

"ಸರಿಯಾಗೇ ಯೋಚನೆ ಮಾಡಿದೀಯ" ಎಂದರು ಟೀಚರ್. ತಾವು ಕಲಿಸಿದ ಮಕ್ಕಳು ಸರಿಯಾಗಿ ಯೋಚನೆ ಮಾಡುವುದು ಅವರಿಗೆ ಅಷ್ಟೊಂದು ನೋವು ಕೊಟ್ಟದ್ದು ಅದೇ ಮೊದಲು.

ಎಣಿಕೆ ನಡೆದದ್ದು ಶಾಲೆಯಲ್ಲೇ, ಏಳನೇ ತರಗತಿಯ ಕೋಣೆಯಲ್ಲಿ. ಬೆಂಚುಗಳನ್ನು ಗೋಡೆಗೆ ಒತ್ತಿ ನಡುವೆ ಮೇಜು ಹಾಕಿದ್ದರು. ಪ್ರಪಂಚದ ಭೂಪಟ ನೇತಾಡುತ್ತಿದ್ದ ಮೊಳೆ ಹಾಗೇ ಇತ್ತು. ಅದು ಗಂಡನ ಅಂಗಡಿಯದು, ಟೀಚರೇ ಕುರ್ಚಿ ಹತ್ತಿ ಹೊಡೆದದ್ದು. ಟೀಚರ್ ಕೊನೆಯ ಬೆಂಚಿನಲ್ಲಿ, ಅಷ್ಟು ವರ್ಷ ತಾವು ಬೇರೆಯವರನ್ನು ಎಬ್ಬಿಸುತ್ತಿದ್ದ ಜಾಗದಲ್ಲಿ ಕೂತು, ಅರವತ್ತಮೂರು ಓಟಿನಿಂದ ಸೋತದ್ದನ್ನು ಕೇಳಿದರು. ಮನೆಗೆ ಬಂದು ನೋಟ್‌ಬುಕ್ಕನ್ನು ಟ್ರಂಕಿನಲ್ಲಿಟ್ಟರು. ಟ್ರಂಕು ಖಾಲಿಯಾಗಿತ್ತು, ಒಳಗೆ ಅದೊಂದೇ ಬಿದ್ದಿತ್ತು. ನಾದಿನಿ ಬಂದು ಏನೋ ತಮಾಷೆ ಮಾಡಲು ಬಾಯಿ ತೆರೆದವಳು, ಅತ್ತಿಗೆಯ ಮುಖ ನೋಡಿ, ಟೀ ಮಾಡಲು ಒಳಗೆ ಹೋದಳು. ಮಂಚದ ಕೆಳಗೆ ಜಾಗ ಸಿಕ್ಕರೂ ಗಂಡ ಬಣ್ಣದ ಡಬ್ಬಿ ತಂದಿಡಲಿಲ್ಲ.

ಕಾಂಟ್ರಾಕ್ಟರು ಮಾತು ಉಳಿಸಿಕೊಂಡ. ನಾಲ್ಕು ತಿಂಗಳಿಗೆ ಗಿರಣಿಯ ಕಡೆಯ ಗೋಡೆ ಹಿಂದೆ ಸರಿದು, ಓಣಿಗೆ ಕಲ್ಲು ಹಾಸಿ, ಎರಡು ದೀಪ ಬಂದವು. ಓಣಿಯ ಬಾಯಲ್ಲೇ ಒಂದು ಕರಿಕಲ್ಲು, ಅದರಲ್ಲಿ ಓಣಿಯ ಹೆಸರು ಬೊಗಸೆಯಷ್ಟು, ಅವನ ಹೆಸರು ಮೊರದಷ್ಟು. ಉದ್ಘಾಟನೆಗೆ ಟೀಚರೇ ಮುಖ್ಯ ಅತಿಥಿ. ಹೋಗುವುದೋ ಬೇಡವೋ ಎಂದು ಟೀಚರ್ ಎರಡು ದಿನ ಯೋಚಿಸಿ, ಮೂರನೆಯ ದಿನ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಗಂಡನನ್ನೂ ನಾದಿನಿಯನ್ನೂ ಕರೆದುಕೊಂಡು ಹೊರಟರು.

ಓಣಿಯ ಆ ತುದಿಯಲ್ಲಿ ಹಳೆಯ ಕಲ್ಲು ಇದ್ದಲ್ಲೇ ಇತ್ತು. ಅದರ ಮೇಲಿನ ಗೋಡೆಗೆ ಕಾಂಟ್ರಾಕ್ಟರು ಒಂದು ನಕ್ಷೆ ಬರೆಸಿದ್ದ. ಕೆರೆ, ಐಸ್ ಫ್ಯಾಕ್ಟರಿ, ಚಿಮಣಿ, ಶಾಲೆ, ಮತ್ತು ಕಲ್ಲಿನ ಪಕ್ಕ ಡಬ್ಬಿ ಹಿಡಿದ ಕಡ್ಡಿ ಕಾಲಿನ ಹೆಂಗಸು. ಅವನು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತ.

"ನೋಡಿ ಹೇಳಿ ಟೀಚರ್."

ಟೀಚರ್ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ನೋಡಿದರು. ಆ ಹೆಂಗಸಿನ ಮುಂದೆ ಸ್ವಲ್ಪ ನಿಂತರು.

"ಬಾಣ ಎಲ್ಲಿ?"

"ಯಾವ ಬಾಣ?"

"ಉತ್ತರ ದಿಕ್ಕಿಂದು. ಆವತ್ತೂ ಹಾಕಿರಲಿಲ್ಲ ನೀನು."

ಕಾಂಟ್ರಾಕ್ಟರು ಕಿವಿ ಹಿಂದೆ ಕೆರೆದುಕೊಂಡ. "ಎಷ್ಟು ಕೊಡ್ತೀರಿ?"

"ಒಂಬತ್ತು" ಎಂದು ಟೀಚರ್ ಚೀಲದಿಂದ ನೋಟ್‌ಬುಕ್ಕು ತೆಗೆದು ಅವನ ಕೈಗಿತ್ತರು. "ಇದ್ರಲ್ಲಿ ಹನ್ನೊಂದು ಕೆಲಸ ಇದೆ. ಮೊದಲನೇದು ಚಿಲಕ. ಸೋಮವಾರ ನೋಡೋಕೆ ಬರ್ತೀನಿ."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾದಿನಿ ಮುಖ ಆ ಕಡೆ ತಿರುಗಿಸಿ ನಕ್ಕಳು.

ಶಾಲೆ ಬಿಟ್ಟಿತು. ಮಕ್ಕಳು ಓಣಿಯಲ್ಲಿ ನೀರು ನುಗ್ಗಿದ ಹಾಗೆ ನುಗ್ಗಿದರು. ಈಗ ಯಾರೂ ಓರೆಯಾಗಬೇಕಿರಲಿಲ್ಲ. ಟೀಚರ್ ಶಾಲೆಯ ಕಡೆಯ ಹಳೇ ಗೋಡೆಯ ಪಕ್ಕದಲ್ಲೇ, ತುಟಿ ಅಲ್ಲಾಡಿಸುತ್ತಾ ವಾಪಸ್ಸು ನಡೆದರು. ಗಂಡ ಒಂದು ಹೆಜ್ಜೆ ಹಿಂದೆ ಬಂದರು. ಎಣಿಸುವವರನ್ನು ನಡುವೆ ಮಾತಾಡಿಸಬಾರದು ಎಂಬುದು ಅಂಗಡಿಯವರಿಗೆ ಗೊತ್ತು. ತುದಿ ಮುಟ್ಟಿದ ಮೇಲೆಯೇ ಕೇಳಿದರು.

"ಎಷ್ಟಾಯ್ತು?"

"ಇನ್ನೂರ ಮೂವತ್ತೊಂದು. ಕೆಲಸಕ್ಕೆ ಸೇರಿದಾಗ ನೂರ ಎಂಬತ್ತಾರಿತ್ತು."

"ಓಣಿ ಉದ್ದ ಮಾಡಿದಾನಾ?"

"ಇಲ್ಲ" ಎಂದರು ಟೀಚರ್. "ಓಣಿ ಅಷ್ಟೇ ಇದೆ."